ಪಾಠಕ್ಕೆ ಮುಂಚಿನ ಸ್ತುತಿ

(ಹೈದರಾಬಾದಿನ ಕಾಚಿಗುಡಾದಲ್ಲಿರುವ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಂಜೆಯ ಉಪನ್ಯಾಸವೊಂದು ಮುಗಿದು ಸಭಿಕರು ಚದುರಿದ್ದಾರೆ. ಮಾತಿಗೆ ಉಳಿದವರು ಮೂವರು: ಇತಿಹಾಸದ ಅಧ್ಯಾಪನದಿಂದ ನಿವೃತ್ತರಾದ ಹಿರಿಯರು, ತೈತ್ತಿರೀಯ ಶಾಖೆಯ ಅಧ್ಯಯನ ಮಾಡಿದ ಶಾಸ್ತ್ರಿಗಳು, ರಾಯಚೂರಿನಿಂದ ಬಂದು ಈ ನಗರದಲ್ಲಿ ಉದ್ಯೋಗದಲ್ಲಿರುವ ತರುಣ.)

ತರುಣ: ನಿಜಾಮರ ಪೋಷಣೆಯಲ್ಲಿ 1927ರಲ್ಲಿ ಈ ಊರಿನಲ್ಲಿ ಹುಟ್ಟಿದ ‘ಇಸ್ಲಾಮಿಕ್ ಕಲ್ಚರ್’ ಪತ್ರಿಕೆಯ ಚರಿತ್ರೆಯನ್ನು ಓದುತ್ತಿದ್ದಾಗ ಒಂದು ಸಂಗತಿ ನನ್ನ ಕುತೂಹಲವನ್ನು ಕೆರಳಿಸಿತು. ಅದರ ಮೊದಲ ಸಂಪಾದಕರು ಕುರಾನನ್ನು ಇಂಗ್ಲಿಷಿಗೆ ತಂದ ಮಾರ್ಮಡ್ಯೂಕ್ ಪಿಕ್‌ಥಾಲರು. ಅವರ ತರುವಾಯ, 1930ರ ದಶಕದ ಉತ್ತರಾರ್ಧದಲ್ಲಿ, ಆ ಪೀಠಕ್ಕೆ ಬಂದ ಮುಹಮ್ಮದ್ ಅಸದರಾದರೋ 1900ರಲ್ಲಿ ಲೆಂಬರ್ಗ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಲಿಯೊಪೋಲ್ಡ್ ವೈಸ್ ಎಂಬ ಹೆಸರಿನಿಂದ ಜನಿಸಿದವರು, ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ವಂಶದವರು, ಬಾಲ್ಯದಲ್ಲಿಯೇ ಹೀಬ್ರೂ ಭಾಷೆಯನ್ನೂ ತಾಲ್ಮುದನ್ನೂ ಪಾಠ ಹೇಳಿಸಿಕೊಂಡವರು. ಅಂತಹ ಮನೆತನದ ಹುಡುಗನು ಬೆಳಗ್ಗೆ ಗ್ರಂಥವನ್ನು ತೆರೆಯುವುದಕ್ಕೆ ಮುನ್ನ ಏನನ್ನಾದರೂ ಹೇಳಬೇಕಾಗಿತ್ತೆ? ನಮ್ಮ ವಟುಗಳಿಗೂ ಇಲ್ಲಿಯ ಮದರಸಾಗಳ ಮಕ್ಕಳಿಗೂ ಆರಂಭದ ಮಾತೊಂದು ಇದ್ದೇ ಇದೆ, ಅವರಿಗೂ ಇರಬೇಕಷ್ಟೆ.

ಹಿರಿಯರು: ಇದೆ, ಅದರ ಸುತ್ತ ಬೆಳೆದ ಧರ್ಮಶಾಸ್ತ್ರವು ಆ ಮಾತಿಗಿಂತ ಎಷ್ಟೋ ಪಾಲು ವಿಸ್ತಾರವಾಗಿದೆ. ಬಿರ್ಕೋತ್ ಹತೋರಾ ಎಂದು ಅದಕ್ಕೆ ಹೆಸರು; ಅವರ ಶ್ರುತಿಯಾದ ತೋರಾದ ಅಧ್ಯಯನಕ್ಕೆ ಮುಂಚೆ ದಿನದಿನವೂ ಹೇಳತಕ್ಕ ಸ್ತುತಿವಚನಗಳು. ಆಚಾರ್ಯರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಈ ವಿಷಯ ಬಂದಾಗ ಆಚಾರ್ಯರು ಒಬ್ಬೊಬ್ಬರೂ ಒಂದೊಂದು ವಚನವನ್ನು ಮುಂದಿಡುತ್ತಾರೆ. ಬಾಬಿಲೋನಿನ ಶಮೂಏಲನದು ತೋರಾದ ಮಾತುಗಳಲ್ಲಿ ತೊಡಗಿರಬೇಕೆಂದು ವಿಧಿಸಿದಾತನ ಸ್ತುತಿ. ಗಲಿಲಾಯದ ಯೋಹಾನಾನನದು ಪ್ರಾರ್ಥನೆ, ಆ ಮಾತುಗಳು ನಮ್ಮ ಬಾಯಲ್ಲಿಯೂ ನಮ್ಮ ಸಂತತಿಯವರ ಬಾಯಲ್ಲಿಯೂ ಸವಿಯಾಗಲಿ, ನಾವೆಲ್ಲರೂ ಫಲಾಪೇಕ್ಷೆಯಿಲ್ಲದೆ ಅಧ್ಯಯನ ಮಾಡುವವರಾಗಲಿ ಎಂಬುದು ಅದರ ಆಶಯ. ಹಮ್ನೂನನದು ಜನಾಂಗಗಳ ನಡುವೆ ತಮ್ಮನ್ನು ಆರಿಸಿ ತೋರಾವನ್ನು ಕೊಟ್ಟಾತನಿಗೆ ಕೃತಜ್ಞತೆ. ಈ ಕೊನೆಯದೇ ಶ್ರೇಷ್ಠವೆಂದು ಹೊಗಳಿದ ಮೇಲೆಯೂ ತಾಲ್ಮುದು ಉಳಿದವನ್ನು ಬಿಡಲಿಲ್ಲ. ಹಾಗಾದರೆ ಎಲ್ಲವನ್ನೂ ಹೇಳೋಣ ಎಂದು ತೀರ್ಮಾನಿಸಿತು. ವಿವಾದವನ್ನು ಒಬ್ಬರ ಸೋಲಿನಿಂದ ಮುಗಿಸದೆ ಎಲ್ಲರ ಮಾತನ್ನೂ ಒಂದೇ ಪ್ರಾರ್ಥನೆಯೊಳಗೆ ಕೂಡಿಸಿದ ಆ ತೀರ್ಮಾನವೇ ಇಂದಿನವರೆಗೂ ನಡೆದುಬಂದಿರುವ ಪಾಠ.

ಶಾಸ್ತ್ರಿಗಳು: ವಚನವನ್ನು ಹೇಳಿ ಗ್ರಂಥವನ್ನು ತೆರೆಯದೆ ಎದ್ದು ಹೋದರೆ ಅದು ವ್ಯರ್ಥವಾಗುವುದಿಲ್ಲವೆ? ಸಂಕಲ್ಪ ಮಾಡಿ ಕರ್ಮವನ್ನು ಬಿಟ್ಟಂತಾಯಿತು.

ಹಿರಿಯರು: ಆ ಶಂಕೆ ಅವರಿಗೂ ಬಂದಿತು, ಪರಿಹಾರವನ್ನು ಆಚರಣೆಯೊಳಗೇ ಇಟ್ಟಿದ್ದಾರೆ. ಸ್ತುತಿ ಮುಗಿದೊಡನೆಯೇ, ಎದ್ದು ನಿಲ್ಲುವುದಕ್ಕೂ ಮುಂಚೆ, ಸ್ವಲ್ಪ ಅಧ್ಯಯನ ನಡೆದೇ ಹೋಗುತ್ತದೆ. ಮೊದಲು ಲಿಖಿತ ತೋರಾದಿಂದ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ ಯಾಜಕರ ಆಶೀರ್ವಾದ. ಮೂಲದಲ್ಲಿ ಅದು ಬರಿಯ 15 ಪದ, ಮೂರು ವಾಕ್ಯ, ಮೊದಲನೆಯದರಲ್ಲಿ 3 ಪದ, ಎರಡನೆಯದರಲ್ಲಿ 5, ಮೂರನೆಯದರಲ್ಲಿ 7, ಹೇಳುತ್ತ ಹೋದಂತೆ ಕೈ ಅಗಲವಾಗಿ ಚಾಚಿಕೊಳ್ಳುವಂತಹ ರಚನೆ. ಆ ಬಳಿಕ ಮಿಶ್ನಾದಿಂದ ಒಂದು ಸೂತ್ರ: ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡುವುದು ಮೊದಲಾಗಿ, ಇಷ್ಟೇ ಎಂಬ ಅಳತೆಯಿಲ್ಲದ ಕಾರ್ಯಗಳ ಪಟ್ಟಿ, ತೋರಾದ ಅಧ್ಯಯನವೂ ಆ ಅಳತೆಯಿಲ್ಲದವುಗಳಲ್ಲಿ ಒಂದು. ಕೊನೆಗೆ ಗೆಮಾರಾದಿಂದ ಒಂದು ತುಣುಕು: ತಾಯಿತಂದೆಗಳ ಗೌರವ, ಅತಿಥಿಸತ್ಕಾರ, ರೋಗಿಗಳನ್ನು ಕಂಡುಬರುವುದು, ಬಡವಧುವಿನ ಮದುವೆಗೆ ನೆರವಾಗುವುದು, ಶವದೊಡನೆ ನಡೆದುಹೋಗುವುದು. ಮೂಲ, ಸೂತ್ರ, ಭಾಷ್ಯ, ಮೂರರಿಂದಲೂ ಒಂದೊಂದು ತುತ್ತು ಬಾಯಿಗೆ ಬಿದ್ದಿತು. ಆ ದಿನ ಬೇರೇನನ್ನೂ ಓದಲು ಬಿಡುವಾಗದ ಕೂಲಿಯವನ ಸ್ತುತಿಯೂ ವ್ಯರ್ಥವಾಗಲಿಲ್ಲ.

ಶಾಸ್ತ್ರಿಗಳು: ಇದನ್ನು ಕೇಳಿ ನನಗೆ ರೋಮಾಂಚವಾಗುತ್ತಿದೆ. ನಮ್ಮ ಬ್ರಹ್ಮಯಜ್ಞವನ್ನೇ ನೀವು ವರ್ಣಿಸಿದಂತಾಯಿತು. ಗಾಯತ್ರಿಯನ್ನು ಪಾದಪಾದವಾಗಿ, ಆಮೇಲೆ ಅರ್ಧಅರ್ಧವಾಗಿ, ಆಮೇಲೆ ಇಡಿಯಾಗಿ ಹೇಳಿ, ನಾಲ್ಕು ವೇದಗಳ ಆದಿಮಂತ್ರಗಳನ್ನು ಒಂದೊಂದಾಗಿ ಉಚ್ಚರಿಸುತ್ತೇವೆ. ಇಡೀ ವೇದರಾಶಿಯ ಹೊಸ್ತಿಲನ್ನು ಮುಟ್ಟಿ ಬಂದಂತೆ. ತೈತ್ತಿರೀಯ ಆರಣ್ಯಕದ ಎರಡನೆಯ ಪ್ರಪಾಠಕದಲ್ಲಿ ಪಂಚಮಹಾಯಜ್ಞಗಳನ್ನು ಹೇಳುವಾಗ, ಒಂದೇ ಒಂದು ಋಕ್ಕನ್ನೋ ಯಜುಸ್ಸನ್ನೋ ಸಾಮವನ್ನೋ ಅಧ್ಯಯನ ಮಾಡಿದರೂ ಬ್ರಹ್ಮಯಜ್ಞವು ಸಂಪೂರ್ಣವಾಯಿತೆಂದು ಒಪ್ಪಿದೆ. ಬಿಡುವಿಲ್ಲದವನ ಮೇಲಣ ಕರುಣೆ ಎರಡು ಕಡೆಯೂ ಒಂದೇ.

ಹಿರಿಯರು: ಸಾಮ್ಯವು ನಿಜ, ಭೇದವೂ ಅಷ್ಟೇ ನಿಜ. ನಿಮ್ಮಲ್ಲಿ ಅಧ್ಯಯನವೇ ಆಹುತಿ. ಹುಟ್ಟುವಾಗಲೇ ಹೊತ್ತು ಬಂದ ಋಷಿಋಣವು ಅದರಿಂದ ತೀರುತ್ತದೆ. ಅವರಲ್ಲಿ ಅಧ್ಯಯನವು ಒಂದು ವಿಧಿ, ಅದರ ಎದುರಿಗೆ ನಿಂತು ಹೇಳುವ ಸ್ತುತಿಯು ಇನ್ನೊಂದು. ಹೋಲಿಕೆಯೂ ಯಾಗದೊಡನೆ ಇಲ್ಲ, ಊಟದೊಡನೆ ಇದೆ. ಊಟ ಮಾಡಿ ತೃಪ್ತನಾದ ಮೇಲೆ ದೇವರನ್ನು ಸ್ತುತಿಸಬೇಕೆಂಬ ವಿಧಿಯನ್ನು ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಿಂದಲೂ, ತೋರಾವನ್ನು ಓದುವುದಕ್ಕೆ ಮೊದಲು ಸ್ತುತಿಸಬೇಕೆಂಬುದನ್ನು ಅದೇ ಕಾಂಡದ 32ನೆಯ ಅಧ್ಯಾಯದ ಆರಂಭದಿಂದಲೂ ತಾಲ್ಮುದು ತೆಗೆದುತೋರಿಸುತ್ತದೆ. ಊಟಕ್ಕೆ ಆಮೇಲೆ, ಓದಿಗೆ ಮೊದಲು! ಊಟಕ್ಕೆ ಮೊದಲೂ ಓದಿನ ಆಮೇಲೂ ಏಕೆ ಕೂಡದು ಎಂದು ಯೋಹಾನಾನನು ಎರಡನ್ನೂ ಒಂದರಿಂದೊಂದು ಸಾಧಿಸಲು ತರ್ಕಿಸುತ್ತಾನೆ. ಸಭೆಯು ಆ ತರ್ಕವನ್ನು ಒಡೆದುಹಾಕುತ್ತದೆ.

ತರುಣ: ಹಾಗಾದರೆ ಭೇದಕ್ಕೆ ಕಾರಣವೇನು?

ಹಿರಿಯರು: ನನಗೆ ತೋರುವುದನ್ನು ಹೇಳುತ್ತೇನೆ, ಇದು ನನ್ನ ಊಹೆ. ಹಸಿದವನ ಕೃತಜ್ಞತೆಯು ಹೊಟ್ಟೆ ತುಂಬಿದ ಮೇಲೆ ಸಹಜವಾಗಿಯೇ ಬರುತ್ತದೆ, ಏಕೆಂದರೆ ಊಟಕ್ಕೆ ಒಂದು ಕೊನೆಯಿದೆ. ಅಧ್ಯಯನಕ್ಕೆ ಕೊನೆಯೆಲ್ಲಿ? ಓದಿ ಮುಗಿಸಿದ ಮೇಲೆ ಸ್ತುತಿಸುತ್ತೇನೆಂದು ಕುಳಿತವನಿಗೆ ಆ ಮುಹೂರ್ತವು ಬರುವುದೇ ಇಲ್ಲ. ಆದುದರಿಂದ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಎಂದಿಗೂ ಇಲ್ಲ. ಇದಕ್ಕೆ ಒಂದು ಸಾಕ್ಷಿಯನ್ನೂ ಕೊಡಬಲ್ಲೆ. ಅವರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಸಾರ್ವಜನಿಕವಾಗಿ ತೋರಾದ ಸುರುಳಿಯನ್ನು ಓದುವಾಗ, ಓದಿಗೆ ಕರೆಯಲ್ಪಟ್ಟ ಒಬ್ಬೊಬ್ಬನೂ ಮೊದಲೊಂದು ಸ್ತುತಿಯನ್ನೂ ಕೊನೆಗೊಂದನ್ನೂ ಹೇಳುತ್ತಾನೆ. ಅಲ್ಲಿ ಪಾಠಕ್ಕೆ ಗೊತ್ತಾದ ಆರಂಭವಿದೆ, ಗೊತ್ತಾದ ಮುಕ್ತಾಯವಿದೆ. ಏಕಾಂತದ ಓದಿಗೆ ಮಾತ್ರ ಕೊನೆಯ ಸ್ತುತಿಯನ್ನು ವಿಧಿಸಿಲ್ಲ.

ಶಾಸ್ತ್ರಿಗಳು: ನಾವು ಉಪನಿಷತ್ತಿನ ಪಾಠದಲ್ಲಿ ಆದಿಯಲ್ಲಿಯೂ ಅಂತ್ಯದಲ್ಲಿಯೂ ಶಾಂತಿಮಂತ್ರವನ್ನು ಹೇಳುತ್ತೇವೆ. ಗುರುಶಿಷ್ಯರಿಬ್ಬರೂ ಎದುರುಬದುರು ಕುಳಿತ ಪಾಠವಾದುದರಿಂದ ಅದಕ್ಕೂ ಒಂದು ಎಲ್ಲೆಯಿದೆ. ನಿಮ್ಮ ಊಹೆಯು ಅಸಂಗತವೇನೂ ಅಲ್ಲ.

ತರುಣ: ನನ್ನ ಸಂದೇಹ ಬೇರೆ. ಈ ನಗರದ ಮನೆಗಳಲ್ಲಿ ಮಗುವಿಗೆ ಅಕ್ಷರಾಭ್ಯಾಸ ಮಾಡಿಸಬೇಕೆಂದು ಗೋದಾವರಿಯ ದಡದ ಬಾಸರದ ಸರಸ್ವತಿಯ ಸನ್ನಿಧಿಗೆ ಹೋಗುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ 4 ವರ್ಷ 4 ತಿಂಗಳು 4 ದಿನ ತುಂಬಿದಾಗ ಬಿಸ್ಮಿಲ್ಲಾ ಶಾಸ್ತ್ರವನ್ನು ಮಾಡುತ್ತಾರೆ. ಎರಡೂ ಬಾಳಿನಲ್ಲಿ ಒಮ್ಮೆ. ಒಮ್ಮೆ ಆರಂಭಿಸಿದ್ದನ್ನು ದಿನವೂ ಮತ್ತೆ ಆರಂಭಿಸುವುದೇಕೆ? ದಿನವೂ ಬೇಕೆಂದಾದರೆ, ದಿನದಲ್ಲಿ ಎಷ್ಟು ಬಾರಿ ಪುಸ್ತಕ ತೆರೆಯುತ್ತೇವೆಯೋ ಅಷ್ಟು ಬಾರಿಯೂ ಏಕೆ ಬೇಡ?

ಹಿರಿಯರು: ನಿಮ್ಮ ಎರಡನೆಯ ಪ್ರಶ್ನೆಯನ್ನು ಮಧ್ಯಯುಗದ ಫ್ರಾನ್ಸಿನ ತೋಸಾಫೋತ್ ವ್ಯಾಖ್ಯಾನಕಾರರು ಕೇಳಿಯೇಬಿಟ್ಟಿದ್ದಾರೆ. ಪರ್ಣಶಾಲೆಗಳ ಹಬ್ಬದಲ್ಲಿ ಚಪ್ಪರದಡಿಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಅದಕ್ಕೆಂದೇ ಇರುವ ಸ್ತುತಿಯನ್ನು ಹೇಳುತ್ತೇವೆ. ತೋರಾಕ್ಕೆ ಮಾತ್ರ ಬೆಳಗಿನದೊಂದೇ ಏಕೆ ಸಾಕು ಎಂಬುದು ಅವರ ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಅಧ್ಯಯನದ ಹೊಣೆ ಎಲ್ಲ ಹೊತ್ತಿನಲ್ಲಿಯೂ ಇರುವುದರಿಂದ ಮನುಷ್ಯನ ಮನಸ್ಸು ಅದರಿಂದ ಪೂರಾ ಬಿಟ್ಟುಹೋಗುವುದಿಲ್ಲ. ಅಂಗಡಿಯಲ್ಲಿ ಕುಳಿತವನೂ ಬಿಡುವಾದೊಡನೆ ಪುಟಕ್ಕೆ ಹಿಂದಿರುಗುವೆನೆಂದೇ ಇರುತ್ತಾನೆ. ಯೋಸೇಫ್ ಕಾರೋ ಎಂಬ ಶಾಸ್ತ್ರಕಾರನ ‘ಶುಲ್ಹನ್ ಆರುಖ್’ 1565ರಲ್ಲಿ ವೆನಿಸಿನಲ್ಲಿ ಅಚ್ಚಾಯಿತಷ್ಟೆ. ಅದರ ಮೊದಲ ಭಾಗದ 47ನೆಯ ಪ್ರಕರಣದ 14 ವಿಧಿಗಳೂ ಇದೇ ವಿಷಯಕ್ಕೆ ಮೀಸಲು. ವ್ಯವಹಾರಕ್ಕೆ ಹೋದರೂ ಸ್ನಾನಕ್ಕೆ ಹೋದರೂ ಬೆಳಗಿನ ಸ್ತುತಿಯು ತುಂಡಾಗದೆಂದು ಅಲ್ಲಿ ಹೇಳಿದೆ. ಹಗಲಿನ ನಿದ್ರೆಯ ವಿಷಯದಲ್ಲಿ ಎರಡು ಪಕ್ಷಗಳನ್ನೂ ನಮೂದಿಸಿ, ಹಾಸಿಗೆಯ ಮೇಲೆ ಮಲಗಿ ನಿದ್ರಿಸಿದರೂ ಮತ್ತೆ ಹೇಳದಿರುವುದೇ ರೂಢಿಯೆಂದು ಬರೆದಿದೆ. ನಿಜವಾಗಿ ಕತ್ತರಿಸುವುದು ರಾತ್ರಿಯ ನಿದ್ರೆ. ಹಾಗಾಗಿ ದಿನವೂ ಆರಂಭ, ದಿನಕ್ಕೊಂದೇ ಆರಂಭ. ಇಲ್ಲಿ ಒಂದು ಸ್ವಾರಸ್ಯವಿದೆ: ಯೆಹೂದ್ಯರ ಪಂಚಾಂಗದಲ್ಲಿ ದಿನವು ಸೂರ್ಯಾಸ್ತದಿಂದ ಮೊದಲಾಗುತ್ತದೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತೂ ಶುಕ್ರವಾರದ ಸಂಜೆಯೇ ಕಾಲಿಡುತ್ತದೆ, ಈ ವಿಧಿಯಲ್ಲಿಯಾದರೋ ರಾತ್ರಿಯು ಹಿಂದಿನ ಹಗಲಿನ ಬಾಲವೆಂದೇ ಎಣಿಕೆ. ದೀಪದ ಮುಂದೆ ಕುಳಿತು ಓದುತ್ತಿರುವವನು ಮಲಗುವ ತನಕ ಬೆಳಗಿನ ಸ್ತುತಿಯ ಆಶ್ರಯದಲ್ಲಿಯೇ ಇದ್ದಾನೆ.

ತರುಣ: ಅಂಗಡಿಯಲ್ಲಿ ಕುಳಿತವನ ಮನಸ್ಸು ಪುಟವನ್ನು ಬಿಡುವುದಿಲ್ಲವೆಂಬುದು ಶಾಸ್ತ್ರಕಾರರ ಔದಾರ್ಯವಷ್ಟೆ? ನನ್ನ ಕಚೇರಿಯಲ್ಲಿ ನನ್ನ ಮನಸ್ಸು ಯಾವ ಪುಟದಲ್ಲಿಯೂ ಇರುವುದಿಲ್ಲ.

ಹಿರಿಯರು: ಔದಾರ್ಯವೇ ಇರಬಹುದು, ಆದರೆ ಅದಕ್ಕೆ ತಕ್ಕ ಪುರುಷನು ನಮ್ಮ ಕರಾವಳಿಯಲ್ಲಿಯೇ ಬಾಳಿದ್ದಾನೆ. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು 1132ರ ಸುಮಾರಿನಿಂದ 1149ರವರೆಗೆ ಮಂಗಳೂರನ್ನು ನೆಲೆಯಾಗಿ ಮಾಡಿಕೊಂಡು ಏಡನ್ನಿನ ಮಿತ್ರರೊಡನೆ ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರವನ್ನು ನಡೆಸಿದನು. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ಇಟ್ಟುಕೊಂಡಿದ್ದನು. ಈ ನಾಡಿನ ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದನು. ಬೊಮ್ಮ ಎಂಬವನು ಅವನ ಪರವಾಗಿ ಏಡನ್ನಿಗೆ ಹೋಗಿಬಂದು ವ್ಯವಹರಿಸುತ್ತಿದ್ದನು. ಇವೆಲ್ಲವೂ ನಮಗೆ ತಿಳಿದುಬಂದದ್ದು ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನೀಜಾ ಎಂಬ ಕೋಣೆಯಲ್ಲಿ ಉಳಿದ ಕಾಗದಗಳಿಂದ. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ಭಯಭಕ್ತಿಯಿಂದ ಅಲ್ಲಿ ಹಳೆಯ ಕಾಗದಗಳನ್ನು ತುಂಬಿಡುತ್ತಿದ್ದರು. ಈ ಬೆನ್ ಯಿಜು ಬರಿಯ ವ್ಯಾಪಾರಿಯಲ್ಲ. ಧರ್ಮಶಾಸ್ತ್ರವನ್ನು ಬಲ್ಲವನು, ಪದ್ಯಗಳನ್ನು ಕಟ್ಟಿದವನು, ಒಳ್ಳೆಯ ಲಿಪಿಕಾರ. ಕಾಗದವು ಆಗ ಮಂಗಳೂರಿನಲ್ಲಿ ದುರ್ಲಭ. ಏಡನ್ನಿನ ಮಿತ್ರ ಮದ್ಮೂನನು ಸರಕಿನೊಡನೆ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದನು. ಬಂದ ಪತ್ರಗಳ ಬೆನ್ನಿನಲ್ಲಿಯೂ ಖಾಲಿ ಜಾಗಗಳಲ್ಲಿಯೂ ಇವನು ಲೆಕ್ಕವನ್ನೂ ಬರೆದನು, ತನ್ನ ಪದ್ಯದ ಕರಡನ್ನೂ ಬರೆದನು. ವ್ಯವಹಾರಕ್ಕೆ ಹೋದರೂ ಸ್ತುತಿಯು ತುಂಡಾಗದೆಂಬ ನಿಯಮವನ್ನು ಬೋಧಿಸಬೇಕಾದಾಗ ನಾನು ಆ ಕಾಗದಗಳನ್ನೇ ನೆನೆಯುತ್ತೇನೆ.

ಶಾಸ್ತ್ರಿಗಳು: ಬರೆದರೂ ಓದಿದಂತೆಯೇ ಎಂದಾಯಿತೆ? ಬಾಯಿಂದ ಹೇಳದೆ ಬರಿದೆ ಬರೆಯುವವನಿಗೂ ಸ್ತುತಿಯು ಬೇಕೆ?

ಹಿರಿಯರು: ಬೇಕೆಂದೇ ಕಾರೋವಿನ ಮತ. ತೋರಾದ ಮಾತುಗಳನ್ನು ಬರೆಯುವವನು ಓದದಿದ್ದರೂ ಸ್ತುತಿಯನ್ನು ಹೇಳತಕ್ಕದ್ದು. ಮನಸ್ಸಿನಲ್ಲಿ ಮಾತ್ರ ಚಿಂತಿಸುವವನು ಹೇಳಬೇಕಾದದ್ದಿಲ್ಲ.

ತರುಣ: ಇದು ವಿಚಿತ್ರವಾಯಿತು! ಚಿಂತನೆಗಿಂತ ದೊಡ್ಡ ಅಧ್ಯಯನ ಯಾವುದಿದೆ? ಅರ್ಥವಾಗದೆ ನಕಲು ಮಾಡುವ ಲೇಖಕನಿಗೆ ಸ್ತುತಿ, ಕಣ್ಣು ಮುಚ್ಚಿ ತತ್ತ್ವವನ್ನು ಮಥಿಸುವವನಿಗೆ ಇಲ್ಲ!

ಹಿರಿಯರು: 18ನೆಯ ಶತಮಾನದ ವಿಲ್ನಾ ನಗರದ ಗಾವೋನನೆಂಬ ಪಂಡಿತನೂ ನಿಮ್ಮ ಪಕ್ಷವೇ. ಹಗಲಿರುಳೂ ಅದನ್ನು ಧ್ಯಾನಿಸಬೇಕೆಂದಿರುವಾಗ ಚಿಂತನೆಗೂ ಸ್ತುತಿಯು ಬೇಕೆಂದು ಅವನು ವಾದಿಸಿದನು. ಆದರೆ ಕಾರೋವಿನ ವಿಧಿಯಲ್ಲಿಯೂ ಒಂದು ವಿವೇಕವಿದೆ. ಮನಸ್ಸಿನೊಳಗೆ ನಡೆದದ್ದಕ್ಕೆ ಇನ್ನೊಬ್ಬನು ಸಾಕ್ಷಿಯಾಗಲಾರ, ಅದನ್ನು ತಿದ್ದಲಾರ, ಅದರಿಂದ ಕಲಿಯಲಾರ. ಬಾಯಿಗೋ ಕೈಗೋ ಬಂದ ಮೇಲೆಯೇ ಅಧ್ಯಯನವು ಹಂಚಿಕೊಳ್ಳಬಹುದಾದ ವಸ್ತುವಾಗುತ್ತದೆ. ಕೃತಜ್ಞತೆಯನ್ನು ಅಲ್ಲಿಂದ ವಿಧಿಸಿದರು.

ಶಾಸ್ತ್ರಿಗಳು: ನಮ್ಮ ಆರಣ್ಯಕವು ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಬ್ರಹ್ಮಯಜ್ಞವನ್ನು ಊರಿನ ಮಾಡುಗಳು ಕಾಣದಷ್ಟು ದೂರ ಹೋಗಿ ಮಾಡಬೇಕು. ಹೋಗಲಾರದವನು ಊರೊಳಗೇ ಮನಸ್ಸಿನಿಂದ ಅಧ್ಯಯನ ಮಾಡಬಹುದು. ನಿಂತು, ನಡೆದು, ಕುಳಿತು, ಮಲಗಿ, ಹೇಗಾದರೂ ಸರಿಯೆ. ಅನಧ್ಯಾಯಗಳೂ ಅದಕ್ಕೆ ಎರಡೇ: ತಾನು ಅಶುಚಿಯಾಗಿದ್ದಾಗ, ದೇಶವು ಅಶುಚಿಯಾಗಿದ್ದಾಗ. ಕೈಕಾಲು ತೊಳೆಯುವ ನಿಯಮವು ಅವರಲ್ಲಿಯೂ ಇರಬೇಕು.

ಹಿರಿಯರು: ಇದೆ, ಅದರ ಒಂದು ಚಿತ್ರವು ತಾಲ್ಮುದಿನಲ್ಲಿಯೇ ಉಳಿದಿದೆ. ಯಾವ ಯಾವ ಗ್ರಂಥಕ್ಕೆ ಸ್ತುತಿಯು ಬೇಕೆಂಬ ಚರ್ಚೆ ಅಲ್ಲಿ ನಡೆದಿರುತ್ತದೆ. ಮೂಲಕ್ಕೆ ಮಾತ್ರ ಬೇಕು ಎಂದು ಹೂನಾ. ಅದರ ವ್ಯಾಖ್ಯಾನವಾದ ಮಿದ್ರಾಷಿಗೂ ಬೇಕು ಎಂದು ಎಲಾಜಾರ್. ಮಿಶ್ನಾಕ್ಕೂ ಬೇಕು ಎಂದು ಯೋಹಾನಾನ್. ಗೆಮಾರಾದ ತರ್ಕಕ್ಕೂ ಬೇಕು ಎಂದು ರಾವಾ. ಒಬ್ಬೊಬ್ಬರು ಒಂದೊಂದು ಮೆಟ್ಟಿಲು ಇಳಿದು, ದೇವವಾಣಿಯಿಂದ ಮನುಷ್ಯರ ವಾಗ್ವಾದದವರೆಗೆ ಸ್ತುತಿಯ ಎಲ್ಲೆಯನ್ನು ಚಾಚುತ್ತಾರೆ. ಆಗ ಹಿಯ್ಯಾ ಬರ್ ಆಷಿಯು ತನ್ನ ಗುರುವಾದ ರಾವ್ ಎಂಬ ಮಹಾಚಾರ್ಯನನ್ನು ನೆನೆಯುತ್ತಾನೆ: ನಾನು ಎಷ್ಟೋ ಬಾರಿ ಅವರ ಮುಂದೆ ಪಾಠಕ್ಕೆ ನಿಂತಿದ್ದೇನೆ; ಅವರು ಮೊದಲು ಕೈ ತೊಳೆದುಕೊಳ್ಳುವರು, ಸ್ತುತಿಯನ್ನು ಹೇಳುವರು, ಆಮೇಲೆಯೇ ನಮಗೆ ಅಧ್ಯಾಯವನ್ನು ಬೋಧಿಸುವರು ಎಂದು. ಬೋಧಿಸುತ್ತಿದ್ದದ್ದು ಮೂಲವನ್ನಲ್ಲ, ಯಾಜಕಕಾಂಡದ ಮೇಲಣ ಒಂದು ವ್ಯಾಖ್ಯಾನವನ್ನು. ವಾದದಿಂದ ಇತ್ಯರ್ಥವಾಗದಿದ್ದದ್ದು ಗುರುವಿನ ಒದ್ದೆ ಕೈಗಳಿಂದ ಇತ್ಯರ್ಥವಾಯಿತು.

ತರುಣ: ಇಷ್ಟು ಸೂಕ್ಷ್ಮವನ್ನು ಬೆಳೆಸಿದವರು ಅದನ್ನು ಮೀರಿದರೆ ಏನಾಗುವುದೆಂದು ಹೇಳಿದ್ದಾರೆಯೆ?

ಹಿರಿಯರು: ದೇಶವೇ ಹಾಳಾಯಿತೆಂದಿದ್ದಾರೆ. ಯೆರೆಮೀಯನ ಗ್ರಂಥದ 9ನೆಯ ಅಧ್ಯಾಯದಲ್ಲಿ, ನಾಡು ಏಕೆ ನಾಶವಾಯಿತು ಎಂಬ ಪ್ರಶ್ನೆಯು ಬರುತ್ತದೆ. ಇದನ್ನು ಜ್ಞಾನಿಗಳಿಗೆ ಕೇಳಿದರು, ಪ್ರವಾದಿಗಳಿಗೆ ಕೇಳಿದರು, ಯಾರಿಂದಲೂ ಉತ್ತರವಾಗಲಿಲ್ಲ, ಕಡೆಗೆ ದೇವರೇ ಉತ್ತರ ಕೊಡಬೇಕಾಯಿತು ಎಂದು ತಾಲ್ಮುದು ವಿವರಿಸುತ್ತದೆ. ಉತ್ತರವು ತೋರಾವನ್ನು ತೊರೆದರೆಂಬುದು. ಅದರ ತಾತ್ಪರ್ಯವನ್ನು ರಾವನ ಹೆಸರಿನಿಂದ ಹೇಳುವ ಯೆಹೂದ ಎಂಬ ಆಚಾರ್ಯನು, ಅವರು ಓದುವುದಕ್ಕೆ ಮೊದಲು ಸ್ತುತಿಸಲಿಲ್ಲ ಎನ್ನುತ್ತಾನೆ.

ತರುಣ: ಕ್ಷಮಿಸಿ, ಇದು ಅತಿಯಾಯಿತು. ಕೊಲೆ, ಅನ್ಯಾಯ, ವಿಗ್ರಹಪೂಜೆಗಳನ್ನೆಲ್ಲ ಬಿಟ್ಟು ಬೆಳಗಿನ ಒಂದು ವಚನವನ್ನು ಮರೆತುದಕ್ಕೆ ರಾಜ್ಯನಾಶವೆ?

ಹಿರಿಯರು: ಈ ಕಷ್ಟವನ್ನು ಗೆರೋನಾದ ರಬ್ಬಿ ಯೋನಾ ಎಂಬ 13ನೆಯ ಶತಮಾನದ ವಿದ್ವಾಂಸನು ಬಿಡಿಸಿದ ರೀತಿಯನ್ನು ಅದೇ ಊರಿನ ನಿಸ್ಸೀಮ್ ಎಂಬವನು ತನ್ನ ತಾಲ್ಮುದು ವ್ಯಾಖ್ಯಾನದಲ್ಲಿ ಉಳಿಸಿದ್ದಾನೆ. ಪ್ರಶ್ನೆಯು ಕಠಿನವಾದದ್ದೇಕೆ? ಜನರು ತೋರಾವನ್ನು ಓದುವುದನ್ನೇ ಬಿಟ್ಟಿದ್ದರೆ ಜ್ಞಾನಿಗಳಿಗೆ ಕಾಣದಿರುತ್ತಿತ್ತೆ? ಅವರು ಓದುತ್ತಲೇ ಇದ್ದರು, ಶ್ರದ್ಧೆಯಿಂದಲೇ ಓದುತ್ತಿದ್ದರು; ಹೊರಗಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣದಂತಿತ್ತು. ಅಂತರಂಗವನ್ನು ಬಲ್ಲವನು ಮಾತ್ರ ಹೇಳಬಲ್ಲ ದೋಷವದು: ಸ್ತುತಿಗೆ ಯೋಗ್ಯವಾದದ್ದೆಂದು ಆ ವಿದ್ಯೆಯು ಅವರ ಮನಸ್ಸಿಗೆ ತೋರಿರಲಿಲ್ಲ. ಅವರಿಗೆ ಅದು ಕಸುಬಾಗಿತ್ತು. ತಾಲ್ಮುದಿನ ಅದೇ ಪುಟದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ವಿದ್ವಾಂಸರ ಮಕ್ಕಳು ವಿದ್ವಾಂಸರಾಗುವುದು ವಿರಳವಾದದ್ದೇಕೆ ಎಂದು. ಅದಕ್ಕೆ ಕೊಟ್ಟ ಉತ್ತರಗಳಲ್ಲಿ ರವೀನಾ ಹೇಳಿದ್ದು ಇದನ್ನೇ. ಮೊದಲು ಸ್ತುತಿಸದವರ ವಿದ್ಯೆಯು ಮನೆಯಲ್ಲಿ ನಿಲ್ಲುವುದಿಲ್ಲ.

ಶಾಸ್ತ್ರಿಗಳು: ಆ ಮಾತು ನಮ್ಮ ಬೀದಿಗೂ ಸಲ್ಲುತ್ತದೆ. ತಂದೆಗೆ ಘನಪಾಠ ಬರುತ್ತದೆ, ಸಂಭಾವನೆಯ ಲೆಕ್ಕವೂ ಬರುತ್ತದೆ. ಎರಡನ್ನೂ ನೋಡುತ್ತ ಬೆಳೆಯುವ ಮಗನು ಯಾವುದನ್ನು ತಂದೆಯು ದೊಡ್ಡದೆಂದು ಎಣಿಸಿದ್ದಾನೆಂಬುದನ್ನು ಕಂಡುಕೊಳ್ಳದಿರುವನೆ?

ತರುಣ: ಈಗ ನನಗೆ ಅರ್ಥವಾಗುತ್ತಿದೆ, ಆದರೆ ಮೂರನೆಯ ವಚನದಲ್ಲಿ ಒಂದು ಮುಳ್ಳಿದೆ. ಅಹಂಕಾರವನ್ನು ಕಳೆಯುವುದಕ್ಕೆ ಹೇಳುವ ಮಾತಿನಲ್ಲಿಯೇ, ಸಕಲ ಜನಾಂಗಗಳಲ್ಲಿ ನಮ್ಮನ್ನೇ ಆರಿಸಿದನು ಎಂಬ ಮಾತೂ ಇದೆಯಲ್ಲ? ಅಸದರು ತಮ್ಮ ಆತ್ಮಚರಿತ್ರೆಯಲ್ಲಿ, ಒಂದೇ ಜನಾಂಗದ ಭಾಗ್ಯದಲ್ಲಿ ಇಷ್ಟೊಂದು ಆಸಕ್ತನಾದ ದೇವರು ಬಾಲ್ಯದಲ್ಲಿಯೇ ತಮಗೆ ವಿಚಿತ್ರವಾಗಿ ಕಂಡನೆಂದು ಹೇಳಿಕೊಂಡಿದ್ದಾರೆ.

ಹಿರಿಯರು: ಮುಳ್ಳು ಇದೆ, ಅದು ಒಳಗಿನವರಿಗೂ ಚುಚ್ಚಿದೆ. ಅಮೆರಿಕದ ರಬ್ಬಿ ಮೊರ್ದೆಕಾಯ್ ಕಾಪ್ಲನ್ ಮತ್ತು ಅವರ ಸಹಚರರು 1945ರಲ್ಲಿ ಪ್ರಕಟಿಸಿದ ಪ್ರಾರ್ಥನಾಪುಸ್ತಕದಲ್ಲಿ, ಆರಿಸಿದನು ಎಂಬುದನ್ನು ತೆಗೆದು, ತನ್ನ ಸೇವೆಗೆ ಸಮೀಪಕ್ಕೆ ತಂದನು ಎಂಬರ್ಥದ ಮಾತನ್ನು ಇಟ್ಟರು. ಸಂಪ್ರದಾಯಸ್ಥ ರಬ್ಬಿಗಳ ಸಂಘವೊಂದು ಅದೇ ವರ್ಷ ಕಾಪ್ಲನ್ನರಿಗೆ ಬಹಿಷ್ಕಾರ ಹಾಕಿ, ಆ ಪುಸ್ತಕವನ್ನು ಸುಟ್ಟದ್ದೂ ಆಯಿತು. ಸಂಪ್ರದಾಯದ ಸಮಾಧಾನವೇನೆಂದರೆ, ಆ ಆಯ್ಕೆಯು ಹೊಣೆಗೆ ಆಯ್ಕೆ, ಪದವಿಗೆ ಅಲ್ಲ. ವಚನವು ಹೇಳುವುದೂ ತೋರಾವನ್ನು ಪಡೆದುದನ್ನೇ ಹೊರತು ಬೇರೆ ಲಾಭವನ್ನಲ್ಲ. ಆ ಸಮಾಧಾನದಿಂದ ಎಲ್ಲರಿಗೂ ತೃಪ್ತಿಯಾಗಬೇಕೆಂದು ನಾನು ಹೇಳಲಾರೆ. ಆದರೆ ಯಾರು ಯಾರು ಈ ಮಾತನ್ನು ಹೇಳಬಹುದು ಎಂಬಲ್ಲಿ ಶಾಸ್ತ್ರವು ತನ್ನ ಬಾಗಿಲನ್ನು ತಾನೇ ಅಗಲಿಸಿಕೊಂಡಿರುವುದನ್ನು ನೋಡಿ. ತಾಲ್ಮುದಿನ ಪ್ರಕಾರ ಸ್ತ್ರೀಯರಿಗೆ ಅಧ್ಯಯನದ ವಿಧಿಯೇ ಇಲ್ಲ. ಹೀಗಿದ್ದೂ 47ನೆಯ ಪ್ರಕರಣದ ಕೊನೆಯ ವಿಧಿಯು, ಸ್ತ್ರೀಯರೂ ಈ ಸ್ತುತಿಯನ್ನು ಹೇಳುವರು ಎಂದು ನಾಲ್ಕೇ ಪದಗಳಲ್ಲಿ ಮುಗಿಸುತ್ತದೆ. ತಮಗೆ ಅನ್ವಯಿಸುವ ಧರ್ಮಗಳನ್ನು ಅವರೂ ಕಲಿಯಲೇಬೇಕಲ್ಲವೆ ಎಂಬುದು ವ್ಯಾಖ್ಯಾನಕಾರರು ಹುಡುಕಿದ ಕಾರಣಗಳಲ್ಲಿ ಒಂದು. ಆಚಾರವು ಮುಂದೆ ನಡೆದಿತ್ತು. ಕಾರಣವು ಹಿಂದಿನಿಂದ ಓಡಿಬಂದು ಅದನ್ನು ಕೂಡಿಕೊಂಡಿತು.

ಶಾಸ್ತ್ರಿಗಳು: ಒಂದು ಪ್ರಾಯೋಗಿಕ ಪ್ರಶ್ನೆ. ಹೇಳಿದೆನೋ ಇಲ್ಲವೋ ಎಂದು ಸಂದೇಹ ಬಂದರೆ? ನಮ್ಮಲ್ಲಿ ಆಚಮನ ಮಾಡಿದೆನೋ ಇಲ್ಲವೋ ಎಂಬ ಮುದುಕರ ಸಂದೇಹಕ್ಕೆ ಮತ್ತೊಮ್ಮೆ ಮಾಡುವುದೇ ಮದ್ದು.

ಹಿರಿಯರು: ಅಲ್ಲಿ ಅಷ್ಟು ಸುಲಭವಲ್ಲ, ಅನಾವಶ್ಯಕವಾಗಿ ದೇವರ ಹೆಸರನ್ನು ಎತ್ತುವುದೂ ದೋಷವೇ. ಈ ಸ್ತುತಿಯು ಶ್ರುತಿಯ ವಿಧಿಯಾದರೆ ಸಂದೇಹದಲ್ಲಿ ಮತ್ತೆ ಹೇಳಬೇಕು. ಋಷಿಗಳ ವಿಧಿಯಾದರೆ ಬೇಡ. ನಾಹ್ಮನಿದನೆಂಬ ಶಾಸ್ತ್ರಜ್ಞನು ಅದನ್ನು ಶ್ರುತಿಯ ವಿಧಿಗಳ ಪಟ್ಟಿಗೆ ಸೇರಿಸಬೇಕೆಂದನು. ಅವನಿಗಿಂತ ಮುಂಚಿನ ಮೈಮೊನಿದನು ಸೇರಿಸಿರಲಿಲ್ಲ, ಪ್ರಾರ್ಥನೆಯ ವಿಧಿಗಳಲ್ಲಿ ಮಾತ್ರ ಹೇಳಿದ್ದನು. ಮೈಮೊನಿದನ ಹೆಸರು ಬಂದುದರಿಂದ ಹೇಳುತ್ತೇನೆ: ಆ ಮಹಾಪಂಡಿತನ ಯೌವನದ ನಿಶ್ಚಿಂತವಾದ ಅಧ್ಯಯನದ ಬೆನ್ನಿಗೆ ಇದ್ದದ್ದು ನಮ್ಮ ಸಮುದ್ರದ ವ್ಯಾಪಾರ. ಅವನ ತಮ್ಮ ದಾವೀದನು ರತ್ನಗಳ ವ್ಯಾಪಾರದಿಂದ ಮನೆಯನ್ನು ಸಾಕುತ್ತಿದ್ದನು. 1170ರ ಆಸುಪಾಸಿನಲ್ಲಿ ಹಿಂದೂದೇಶದ ದಾರಿಯಲ್ಲಿ ಹಡಗಿನೊಡನೆ ಮುಳುಗಿದನು. ಅಣ್ಣನು ಒಂದು ವರ್ಷ ಹಾಸಿಗೆ ಹಿಡಿದು, ಎದ್ದ ಮೇಲೆ ವೈದ್ಯವೃತ್ತಿಯಿಂದ ಹೊಟ್ಟೆ ಹೊರೆಯಬೇಕಾಯಿತು. ತನ್ನ ಧರ್ಮಸಂಹಿತೆಯನ್ನು ಮುಗಿಸಿದ್ದು ಆ ದಿನಗಳಲ್ಲಿ. ಓದುವವನ ಓದಿಗೆ ಯಾರು ಯಾರು ಬೆಲೆ ತೆತ್ತಿರುತ್ತಾರೆಂಬುದನ್ನು ಅವನಷ್ಟು ಬಲ್ಲವರು ಕಡಿಮೆ.

ತರುಣ: ನೀವು ನಿದ್ರೆಯೊಂದೇ ಸ್ತುತಿಯನ್ನು ಕತ್ತರಿಸುತ್ತದೆ ಎಂದಿರಿ. ಹಾಗಾದರೆ ರಾತ್ರಿಯೆಲ್ಲ ನಿದ್ರಿಸದೆ ಓದಿದವನು ಬೆಳಗ್ಗೆ ಏನು ಮಾಡಬೇಕು?

ಹಿರಿಯರು: ಇದು ಕಲ್ಪನೆಯ ಪ್ರಶ್ನೆಯಲ್ಲ, ತೋರಾವನ್ನು ಪಡೆದ ಶಾವುಓತ್ ಹಬ್ಬದ ರಾತ್ರಿಯೆಲ್ಲ ಜಾಗರಣೆಯಿದ್ದು ಅಧ್ಯಯನ ಮಾಡುವ ರೂಢಿಯಿರುವುದರಿಂದ ವರ್ಷವರ್ಷವೂ ಏಳುವ ಪ್ರಶ್ನೆ. ಬೆಳಗಾದದ್ದೇ ಸಾಕು, ಹೊಸದಾಗಿ ಹೇಳಬಹುದು ಎಂದು ಕೆಲವರು. ನಿದ್ರೆಯಿಲ್ಲದೆ ಹಿಂದಿನ ಸ್ತುತಿಯು ಮುಗಿದಿಲ್ಲ ಎಂದು ಕೆಲವರು. ಹಿಂದಿನ ಹಗಲು ಹಾಸಿಗೆಯಲ್ಲಿ ಮಲಗಿ ನಿದ್ರಿಸಿದ್ದರೆ ಹೇಳಬಹುದು ಎಂದು ಅಕೀವಾ ಏಗರ್ ಎಂಬ ಪಂಡಿತರು. ಪೋಲೆಂಡಿನ ಇಸ್ರಾಯೇಲ್ ಮೇಯಿರ್ ಕಾಗನ್ 1884 ಮತ್ತು 1907ರ ನಡುವೆ ಸಂಪುಟ ಸಂಪುಟವಾಗಿ ಪ್ರಕಟಿಸಿದ ‘ಮಿಶ್ನಾ ಬೆರೂರಾ’ದಲ್ಲಿ ಈ ಮತಗಳನ್ನೆಲ್ಲ ತೂಗಿ, ಸಾಧ್ಯವಾದರೆ ಸ್ತುತಿಸಲು ನಿಸ್ಸಂದೇಹವಾಗಿ ಹೊಣೆಯಿರುವ ಇನ್ನೊಬ್ಬನ ಬಾಯಿಂದ ಕೇಳಿ ಆಮೆನ್ ಎನ್ನಬೇಕೆಂಬ ದಾರಿಯನ್ನು ತೋರಿಸಿದ್ದಾರೆ.

ತರುಣ: ಅಂದರೆ ರಾತ್ರಿ ಮಲಗಿ ನಿದ್ರೆ ಮಾಡಿದವನ ಬಾಯಿಂದ!

ಹಿರಿಯರು: ಹೌದು. ಇಡೀ ರಾತ್ರಿ ಪುಟ ತಿರುಗಿಸಿದ ಪಂಡಿತನು, ಮನೆಯಲ್ಲಿ ಚೆನ್ನಾಗಿ ನಿದ್ರಿಸಿ ಆಗ ತಾನೆ ಕೈ ತೊಳೆದುಕೊಂಡು ಬಂದ ಸಾಮಾನ್ಯನೊಬ್ಬನನ್ನು ಹುಡುಕಿ, ಅವನ ಮುಂದೆ ನಿಂತು, ಅವನು ಹೇಳುವುದಕ್ಕೆ ಒಪ್ಪಿಗೆಯಿಡಬೇಕು. ಜಾಗರಣೆಯ ಬೆಳಗ್ಗೆಯೇ ಮನುಷ್ಯನಿಗೆ ತನ್ನ ಓದಿನ ಮೇಲೆ ಹೆಮ್ಮೆಯುಕ್ಕುವ ಅವಕಾಶವು ಹೆಚ್ಚು. ಆ ಬೆಳಗ್ಗೆಯೇ ಅವನನ್ನು ಇನ್ನೊಬ್ಬನ ಋಣಿಯನ್ನಾಗಿ ಮಾಡಿದರು. ಸಂದೇಹದ ನಿವಾರಣೆಗೆಂದು ಹುಟ್ಟಿದ ಉಪಾಯವಿದು. ಯೋನಾ ಹೇಳಿದ ದೋಷಕ್ಕೆ ಇದಕ್ಕಿಂತ ನೇರವಾದ ಚಿಕಿತ್ಸೆಯನ್ನು ನಾನು ಕಾಣೆ.

ಶಾಸ್ತ್ರಿಗಳು: ಆ ಲೆಕ್ಕದಲ್ಲಿ ಊರಿನಲ್ಲಿ ಎಲ್ಲರೂ ಪಂಡಿತರಾಗಿ ಎಲ್ಲರೂ ಜಾಗರಣೆ ಮಾಡಿದರೆ ಕೆಲಸ ಕೆಡುತ್ತದೆ. ಮಲಗುವವರೂ ಬೇಕು.

ತರುಣ: ಆ ಪಾತ್ರಕ್ಕೆ ನನ್ನನ್ನು ಬರೆದುಕೊಳ್ಳಿ ಎಂದು ಹೇಳಬೇಕೆಂದಿದ್ದೆ, ಆದರೆ ಮಲಗಿದವನಿಗೂ ಬೆಳಗಿನ ಹೊಣೆಯು ಪಂಡಿತನಷ್ಟೇ ಇದೆಯೆಂಬುದು ಈಗ ತಾನೆ ತಿಳಿಯಿತು.